ಕೊಡದೆ ಇಟ್ಟುಕೊಂಡ ಕೊನೆಯ ದೃಶ್ಯ

ಆ ಮನುಷ್ಯನ ಮೇಲೆ ನನಗೆ ಮೊದಲ ದಿನವೇ ಸಂಶಯ ಬಂದದ್ದು ಅವನ ಅಂಗಿಯಿಂದ. ಯುದ್ಧದ ಕಾಲ. ಪೆಟ್ರೋಲು ಸಿಗದೆ ಬಸ್ಸುಗಳು ಹಿಂದುಗಡೆ ಇದ್ದಿಲಿನ ಒಲೆ ಕಟ್ಟಿಕೊಂಡು ಓಡುತ್ತಿದ್ದವು. ಬೈಂದೂರಿನಿಂದ ಕುಂದಾಪುರಕ್ಕೆ ಬಂದಿಳಿದವರ ಕಾಲರಿನಲ್ಲಿ ಮಸಿ ಇರಲೇಬೇಕು. ಇವನ ಅಂಗಿ ಆಗಷ್ಟೇ ಇಸ್ತ್ರಿ ಮಾಡಿದ ಹಾಗಿತ್ತು. ಬಸ್ಸಿನಲ್ಲಿ ಬಂದೆ ಎಂದ. ಇವನು ಸುಳ್ಳು ಹೇಳುವವನು ಎಂದು ನಾನು ಅಲ್ಲೇ ತೀರ್ಮಾನಿಸಿದೆ.

ಈಗ ಯೋಚಿಸಿದರೆ, ಅವನಿಗೆ ಪೇಟೆಯಲ್ಲಿ ಗುರುತಿನವರಿದ್ದರು, ಅವರ ಮನೆಯಲ್ಲಿ ಅಂಗಿ ಬದಲಿಸಿರಬಹುದು. ಇಲ್ಲವೆ ಆ ಬಿಳಿ ಅಂಗಿ ಬೇರೊಂದು ದಿನದ್ದಿರಬಹುದು. ಚಿತ್ರಕಥೆ ಬರೆದು ಬದುಕಿದ ನನ್ನಂಥವನ ನೆನಪನ್ನು ಪೂರ್ತಿ ನಂಬಬಾರದು. ಯಾರೇ ಮೊದಲ ಸಲ ಕಥೆಯೊಳಗೆ ಬರಲಿ, ಅವರಿಗೊಂದು ಗುರುತು ಅಂಟಿಸದೆ ಅವನಿಗೆ ಸಮಾಧಾನವಿಲ್ಲ.

ನಾನು ಆಗ ಕುಂದಾಪುರದ ಒಂದು ಶಾಲೆಯಲ್ಲಿ ಮಾಸ್ತರ. ಮದ್ರಾಸಿನಲ್ಲಿ ತರ್ಕಶಾಸ್ತ್ರ ಓದಿ, ಅಲ್ಲಿ ಏನೂ ಸಿಗದೆ ಮರಳಿ ಬಂದು, ಅಕ್ಕನ ಮನೆಯಲ್ಲಿ ಉಳಿದುಕೊಂಡು, ವರ್ಷದಿಂದ ವರ್ಷಕ್ಕೆ ಅದೇ ಪಾಠ ಹೇಳುತ್ತಿದ್ದೆ. ಕೂತಲ್ಲಿ ಕೂರಲು ಆಗುತ್ತಿರಲಿಲ್ಲ. ಪಾಠದ ನಡುವೆ ಕಿಟಕಿಯ ಹತ್ತಿರ ಹೋಗಿ ನಿಂತುಬಿಡುತ್ತಿದ್ದೆ. ಪೇಟೆಗೆ ಟೂರಿಂಗ್ ಟಾಕೀಸಿನ ಟೆಂಟು ಬಂದಾಗ ಒಂದೇ ಚಿತ್ರವನ್ನು ಐದಾರು ಸಲ ನೋಡಿ ಬಂದು ಅಕ್ಕನಿಗೆ ಅದರ ತಪ್ಪುಗಳನ್ನು ವಿವರಿಸುತ್ತಿದ್ದೆ. "ಅಷ್ಟ್ ತಪ್ಪಿದ್ರೆ ಮತ್ತೆ ಎಂತಕೆ ಹೋಪ್ದ್?" ಎಂದು ಅಕ್ಕ ಕೇಳುತ್ತಿದ್ದಳು.

ಆ ಮನುಷ್ಯ ಶಾಲೆಯ ಜಗಲಿಗೆ ಬಂದು ಕೇಳಿದ್ದು ಹೀಗೆ:

"ಹ್ವಾಯ್ ಮಾಷ್ಟ್ರೆ, ನೀವ್ ಬರೀತ್ರಿ ಅಂಬ್ರಲೆ?"

"ಯಾರ್ ಹೇಳ್ದ್?"

"ಯಾರಾರೂ ಹೇಳ್ಲಿ. ಬರೀತ್ರ್ಯಾ, ಇಲ್ಯಾ?"

"ನಿಮ್ಗೆ ಎಂತ ಬೇಕಿತ್ತ್?"

"ಕಥೆ. ದೇವ್ರ ಕಥೆ ಬ್ಯಾಡ, ಅದ್ ಬೇಕಾದಷ್ಟ್ ಇತ್ತ್. ಮನ್ಷ್ರ ಕಥೆ. ನಮ್ಮ ಬದಿದ್ದೇ ಆಯ್ಕ್."

ಅವನು ಬೈಂದೂರಿನಲ್ಲಿ ಹುಟ್ಟಿದವನು. ಚಿಕ್ಕಂದಿನಲ್ಲೇ ಬೊಂಬಾಯಿಗೆ ಹೋಗಿ ಹೋಟೆಲಿನಲ್ಲಿ ದುಡಿದು, ಅಲ್ಲಿಂದ ಒಂದು ಸಿನಿಮಾ ಕಂಪೆನಿಯ ಅಡಿಗೆಮನೆ ಸೇರಿ, ಈಗ ಮದ್ರಾಸಿನ ಇನ್ನೊಂದು ಕಂಪೆನಿಗೆ ಕಥೆ ಹುಡುಕುವ ಏಜೆಂಟನಾಗಿದ್ದ. ಅಡಿಗೆಮನೆಯಿಂದ ಕಥೆಗೆ ಹೇಗೆ ಬಂದ ಎಂಬುದೂ ನನಗೆ ಸಂಶಯವೇ. ಕಂಪೆನಿಯವರಿಗೆ ಕಥೆ ಹಿಡಿಸಿದರೆ ಬರೆದವನನ್ನೇ ಮದ್ರಾಸಿಗೆ ಕರೆದುಕೊಂಡು ಹೋಗುತ್ತಾರೆ, ಮುಂದಿನ ಚಿತ್ರಗಳೂ ಅವನದೇ ಎಂದ. ನಾನು ಅವನ ಮಾತಿನ ಒಂದಕ್ಷರವನ್ನೂ ನಂಬಲಿಲ್ಲ. ಆದರೆ ಮನೆಗೆ ಬಂದವನೇ ಬರೆಯಲು ಕೂತೆ.

ಹದಿನೈದು ದಿನದಲ್ಲಿ ಮದುವೆ ಮಾತುಕತೆಯ ಒಂದು ಕಥೆ ಬರೆದು ಬೈಂದೂರಿಗೆ ಒಯ್ದೆ. ಏಜೆಂಟ ತನ್ನ ಮನೆಯ ಚಾವಡಿಯಲ್ಲಿ ಚಾಪೆ ಹಾಸಿ, "ಓದಿ ಕಾಂಬ" ಎಂದ. ನಾನು ಎದೆ ತುಂಬಿ ಓದಿದೆ. ಅರ್ಧ ಗಂಟೆಯಾಗುವಾಗ ಅವನು ಎರಡೂ ಕೈ ಎತ್ತಿದ.

"ಸಾಕ್, ಸಾಕ್. ಹೆಣ್ಣಿನ ಅಪ್ಪ ಮಾತಾಡ್ತ. ಗಂಡಿನ ಅಪ್ಪ ಅದಕ್ ಜವಾಬ್ ಕೊಡ್ತ. ಅದಕ್ ಹೆಣ್ಣಿನ ಅಪ್ಪ ಮತ್ತೊಂದ್ ಹೇಳ್ತ. ಕಡೆಗೆ ಎಲೆ ಅಡಿಕೆ ತಂದವನೂ ಮಾತಾಡ್ತ! ಯಾರಾರೂ ಒಬ್ಬ ಸೋಲ್ಕಲೆ ಮಾಷ್ಟ್ರೆ?"

ನನಗೆ ಅವಮಾನವಾಯಿತು. ಆದರೆ ಅವನು ಹೇಳಿದ್ದು ನಿಜ. ಅದಕ್ಕೆ ಕಾರಣ ಬ್ರಹ್ಮಾವರದ ನನ್ನ ಸೋದರಮಾವ.

ಮಾವಯ್ಯ ನಮ್ಮ ಸೀಮೆಯ ದೊಡ್ಡ ಅರ್ಥಧಾರಿ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಅರ್ಥಧಾರಿ ಕೂತಲ್ಲೇ ಪಾತ್ರವಾಗಿ ಮಾತಾಡುತ್ತಾನೆ, ಎದುರಿನವನು ಅಲ್ಲೇ ಉತ್ತರ ಕೊಡಬೇಕು. ಮಾತು ಯಾರೂ ಬರೆದುಕೊಟ್ಟದ್ದಲ್ಲ. ಉತ್ತರ ಹೊಳೆಯದೆ ಬಾಯಿ ಕಟ್ಟಿದವನು ಸೋತ ಹಾಗೆ. ಕೂಟದ ಮೊದಲು ಇಬ್ಬರೂ ಒಟ್ಟಿಗೆ ಕೂತು ಊಟ ಮಾಡುತ್ತಾರೆ, ಎಲೆ ಹಾಕುತ್ತಾರೆ, ಆದರೆ ಯಾರು ಏನು ಹೇಳುತ್ತಾರೆ ಎಂಬುದನ್ನು ಬಿಟ್ಟುಕೊಡುವುದಿಲ್ಲ. ಅಪ್ಪ ಇಲ್ಲದ ನಾನು ಮಾವಯ್ಯನ ಮನೆಯಲ್ಲಿ ಬೆಳೆದವನು. ಅನ್ನದ ಜೊತೆಗೇ ಆ ವಿದ್ಯೆಯನ್ನೂ ಉಂಡಿದ್ದೆ. ನನ್ನ ಕಥೆಯಲ್ಲಿ ಎಲೆ ಅಡಿಕೆ ತಂದವನೂ ಸೋಲಲು ಒಪ್ಪದ್ದು ಅದಕ್ಕೇ.

ಏಜೆಂಟ ಬೈಯುವುದನ್ನು ನಿಲ್ಲಿಸಿ ಒಂದು ವಿಷಯ ತೋರಿಸಿದ. ನನ್ನ ಎದುರು ಸುಮ್ಮನೆ ಕೂತ. ಎಷ್ಟೋ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ನಿಧಾನವಾಗಿ ಕತ್ತು ತಿರುಗಿಸಿ ಬಾಗಿಲ ಕಡೆ ನೋಡಿದ. ನಾನೂ ತಿರುಗಿ ನೋಡಿದೆ. ಅಲ್ಲಿ ಯಾರೂ ಇರಲಿಲ್ಲ.

"ನಾನ್ ಎಂತ ಹೇಳ್ದೆ?" ಎಂದು ಕೇಳಿದ.

"ಎಂತ ಹೇಳ್ಲಿಲ್ಲೆ."

"ನೀವ್ ತಿರ್ಗಿ ಕಂಡ್ರಿ. ಅದೇ ಪಿಚ್ಚರ್."

ಮತ್ತೆ ಹೇಳಿದ: ಯುದ್ಧದಿಂದಾಗಿ ಫಿಲಂ ಸುರುಳಿಗೂ ಸರ್ಕಾರದ ಲೈಸೆನ್ಸು, ಚಿತ್ರ ಇಷ್ಟೇ ಉದ್ದ ಇರಬೇಕೆಂದು ಕಟ್ಟಳೆ, ಒಂದೊಂದು ಮಾತಿಗೂ ಇಷ್ಟಿಷ್ಟು ಅಡಿ ಫಿಲಂ ಓಡುತ್ತದೆ. "ನಿಮ್ ಗಂಡಿನ ಅಪ್ಪ ಬಾಯಿ ಮುಚ್ಚುಕೆ ಮುಂಚೆ ಸರ್ಕಾರ ನಮ್ ಬಾಗ್ಲ್ ಮುಚ್ತ್."

ಅಡಿಗೆಮನೆಯಿಂದ ಬಂದ ಆ ಮನುಷ್ಯನಿಂದ ನಾನು ಕಲಿತದ್ದನ್ನು ಯಾವ ವಿಶ್ವವಿದ್ಯಾಲಯವೂ ಕಲಿಸಿರಲಿಲ್ಲ. ಆ ಹೊತ್ತಿಗೆ ಮಾತ್ರ ನನಗೆ ಬೇರೆಯೇ ಯೋಚನೆ ಬಂತು. ಇವನು ಇಷ್ಟು ಚೆನ್ನಾಗಿ ಬಲ್ಲವನಾದರೆ ತಾನೇ ಯಾಕೆ ಬರೆಯುವುದಿಲ್ಲ? ನನ್ನಂಥವರಿಂದ ಬರೆಸಿ, ಹೆಸರು ಬದಲಿಸಿ, ತನ್ನದೆಂದು ಕೊಡುವ ಉಪಾಯ ಇರಬೇಕು.

ಬೈಂದೂರಿನಿಂದ ಮರಳುವಾಗ ಬಸ್ಸಿನಲ್ಲೇ ನನಗೆ ಅತ್ತೆಯ ನೆನಪಾಯಿತು.

ಮಾವಯ್ಯನ ಹೆಂಡತಿ ಅತ್ತೆ, ಗಂಡನೊಡನೆ ಮಾತಾಡುತ್ತಿರಲಿಲ್ಲ. ನಾನು ಕಾಲೇಜಿಗೆ ಹೋದ ಎರಡನೆಯ ವರ್ಷದಿಂದ ಹಾಗೆ. ಬೇರೆ ಎಲ್ಲರೊಡನೆ ಮಾತಾಡುತ್ತಿದ್ದರು. ಮಾವಯ್ಯನಿಗೆ ಹೇಳುವುದಿದ್ದರೆ ಎದುರಿಗೆ ಇದ್ದವರಿಗೆ ಹೇಳುತ್ತಿದ್ದರು. "ಊಟಕ್ಕಾಯ್ತ್ ಅಂದ್ ಹೇಳ್ ಮಾಣಿ" ಎಂದು ನನ್ನ ಕಡೆ ತಿರುಗುತ್ತಿದ್ದರು. ಮಾವಯ್ಯ ಎರಡು ಮಾರು ದೂರದಲ್ಲಿ ಕೂತು, "ಬತ್ತೆ ಅಂದ್ ಹೇಳ್" ಎನ್ನುತ್ತಿದ್ದರು.

ಅಕ್ಕ ಇದನ್ನು ಒಪ್ಪುವುದಿಲ್ಲ. "ಆ ಕಾಲದಗೆ ಯಾರ ಹೆಂಡ್ತಿ ಗಂಡನ್ ಹತ್ರ ನಾಲ್ಕ್ ಜನರ ಎದ್ರಿಗ್ ಮಾತಾಡ್ತಿದ್ದಳ್? ನೀ ಪಿಚ್ಚರ್ ಬರ್ದ್ ಬರ್ದ್ ಎಲ್ಲರ್ ಮನೆಯಗೂ ಒಂದೊಂದ್ ಕಥೆ ಕಾಂತೆ" ಎನ್ನುತ್ತಾಳೆ. ಅವಳ ಮಾತಿನಲ್ಲೂ ತರ್ಕವಿದೆ. ಆದರೆ ಮುಂದೆ ಅಡಿಗೆಮನೆಯಲ್ಲಿ ಅತ್ತೆ ಹೇಳಿದ್ದು ಅಕ್ಕನಿಗೆ ಗೊತ್ತಿಲ್ಲ.

ನಾನು ಆ ವಾರವೇ ಬ್ರಹ್ಮಾವರಕ್ಕೆ ಹೋದೆ. ಮಾವಯ್ಯ ಜಗಲಿಯಲ್ಲಿದ್ದರು. ಸಿನಿಮಾಕ್ಕೆ ಬರೆಯುತ್ತೇನೆ ಎಂದದ್ದಕ್ಕೆ ನಕ್ಕರು.

"ಆ ಪರದೆ ಎಂತಾರೂ ಹೇಳಿರೆ ಎದ್ರ್ ಕೂತವ ಜವಾಬ್ ಕೊಡೂಕ್ ಆತ್ತಾ?"

"ಆತಿಲ್ಲೆ ಮಾವಯ್ಯ."

"ಹಾಂಗಾರೆ ಅದ್ ಕಳ್ಳಾಟ. ಎದ್ರಾಳಿ ಇಲ್ದೆ ಗೆಲ್ಲೂದ್ ಎಂತ ಗೆಲ್ಲೂದ್?"

ಏಜೆಂಟನ ವಿಷಯ ಹೇಳಿದೆ. ಮಾವಯ್ಯ ಬಾಯಿಯಲ್ಲಿದ್ದ ಎಲೆಯನ್ನು ಒಂದು ಕೆನ್ನೆಗೆ ಸರಿಸಿ ಗಂಭೀರವಾದರು.

"ಕೇಣ್ ಮಾಣಿ. ಯಾರಾರೂ ಇರ್ಲಿ, ಕಡೇ ಮಾತ್ ಮುಂಚೆ ತೋರ್ಸೂಕಾಗ. ಎಲ್ಲ ಹೇಳ್, ಒಂದ್ ಮಾತ್ ಒಳಗೆ ಇಟ್ಕೋ. ಎದ್ರಿನವ ಗೆದ್ದೆ ಅಂದ್ಕಂಡಾಗ ತೆಗೀಕ್."

ಆಮೇಲೆ ನಾನು ಒಳಗೆ ಹೋಗಿ ಅತ್ತೆಯ ಹತ್ತಿರ ಕೂತೆ. ಅವರು ಕಾಯಿ ತುರಿಯುತ್ತಿದ್ದರು. ನಾನು ಉಪಾಯದಿಂದ ಮಾತು ಬೆಳೆಸಿದೆ. ಮೊದಲು ಅಕ್ಕನ ಆರೋಗ್ಯ, ಆಮೇಲೆ ಹಟ್ಟಿಯ ದನ, ಆಮೇಲೆ ಹಳೆಯ ದಿನಗಳು. ಸಾಕ್ಷಿಯನ್ನು ವಕೀಲ ಹೇಗೆ ಸುತ್ತಿ ಬಳಸಿ ಕರೆತರುತ್ತಾನೋ ಹಾಗೆ ಅವರನ್ನು ನನಗೆ ಬೇಕಾದ ಜಾಗಕ್ಕೆ ಕರೆತಂದೆ. ಅತ್ತೆ ತುರಿಯುವುದನ್ನು ನಿಲ್ಲಿಸದೆ ಹೇಳಿದರು.

ಅವರಿಗೆ ಒಂದು ಹೆಣ್ಣುಮಗು ಇತ್ತು. ಎರಡು ವರ್ಷದ್ದು, ಜ್ವರ ಬಂದು ನಾಲ್ಕೇ ದಿನದಲ್ಲಿ ಹೋಯಿತು. ನಾನಾಗ ಮದ್ರಾಸಿನಲ್ಲಿದ್ದೆ. ಮಗುವನ್ನು ಎತ್ತಿಕೊಂಡು ಹೋಗುವಾಗ ಅತ್ತೆ ಹೊಸ್ತಿಲಲ್ಲಿ ನಿಂತು ಒಂದು ಮಾತು ಹೇಳಿದ್ದರು. ಒಂದೇ ವಾಕ್ಯ. ಕೇಳಿದ್ದು ಮಾವಯ್ಯ ಒಬ್ಬರೇ. ಎರಡು ತಿಂಗಳ ಮೇಲೆ ಒಂದು ಕೂಟದಲ್ಲಿ ಮಾವಯ್ಯನಿಗೆ ಮಗನನ್ನು ಕಳೆದುಕೊಂಡ ತಾಯಿಯಾಗಿ ಅರ್ಥ ಹೇಳುವ ಸರದಿ ಬಂತು. ಅತ್ತೆ ಹೆಂಗಸರ ಕಡೆ ಕೂತಿದ್ದರು. ಮಾವಯ್ಯ ಆ ವಾಕ್ಯವನ್ನು ಹೇಳಿದರು. ಹೊಸ್ತಿಲಲ್ಲಿ ಹೇಳಿದ್ದು ಹೇಗೋ ಹಾಗೆಯೇ. ಸಭೆಯೆಲ್ಲ ಅತ್ತಿತು. ಅತ್ತೆಯ ಪಕ್ಕದ ಹೆಂಗಸು ಸೆರಗಿನಿಂದ ಕಣ್ಣೊರೆಸಿಕೊಂಡು, "ನಿಮ್ ಮನೆಯವ್ರಿಗೆ ಹೆಂಗ್ಸ್ರ ಮನ್ಸ್ ಹೇಂಗೆ ಗೊತ್ತ್ ಅಮಾ!" ಎಂದಳಂತೆ.

"ಮನೆಗ್ ಬಂದ್ ಕೇಂಡೆ," ಎಂದರು ಅತ್ತೆ. "ಆ ಮಾತ್ ಎಲ್ಲಿಂದ ಬಂತ್ ಅಂದ್. ಅಲ್ಲೇ ಹೊಳ್ದದ್ ಅಂದ್ರ್. ಸುಳ್ಳ್ ಹೇಳ್ಲಿಲ್ಲೆ ಮಾಣಿ. ಅವ್ರಿಗೆ ನೆನ್ಪೇ ಇಲ್ಲೆ. ಮತ್ತೆ ನಾ ಎಂತಕೆ ಮಾತಾಡ್ಕ್? ಆಡಿದ್ದೆಲ್ಲ ಕೂಟಕ್ಕೇ ಹೋಪ್ದಾದ್ರೆ?"

ಆ ವಾಕ್ಯವನ್ನೂ ನನಗೆ ಹೇಳಿದರು. ಹೇಳಿದ ಮೇಲೆ ಯಾರಿಗೂ ಹೇಳಬೇಡ ಎಂದರೋ ಇಲ್ಲವೋ, ನನಗೆ ನೆನಪಿಲ್ಲ. ಸರಿಯಾಗಿ ನನಗೆ ಅನುಕೂಲವಾಗುವ ಜಾಗದಲ್ಲೇ ನೆನಪು ಮಸುಕಾಗಿರುವುದು ನನ್ನ ಸಂಶಯವನ್ನು ಹೆಚ್ಚಿಸುತ್ತದೆ. ಇನ್ನೊಂದು ವಿಷಯ: ಆ ಸಭೆ ಅತ್ತದ್ದು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಗ್ಯಾಸ್‌ಲೈಟಿನ ಕೆಳಗೆ ಮಾವಯ್ಯನ ಬೆವರಿದ ಹಣೆ, ತಾಳ ನಿಲ್ಲಿಸಿ ಕೂತ ಭಾಗವತರು. ನಾನು ಅಲ್ಲಿ ಇರಲೇ ಇಲ್ಲ. ಬರೆದದ್ದನ್ನೇ ಕಂಡೆ ಎಂದುಕೊಂಡಿದ್ದೇನೆ.

ಕುಂದಾಪುರಕ್ಕೆ ಬಂದು ಮೂರು ವಾರ ಬರೆದೆ. ಮಾತಿನಲ್ಲಿ ಯಾರಿಗೂ ಸೋಲದ ಒಬ್ಬ ಅರ್ಥಧಾರಿ. ಅವನೊಡನೆ ಮಾತು ಬಿಟ್ಟ ಹೆಂಡತಿ. ಯಾಕೆ ಎಂದು ಊರಿಗೆಲ್ಲ ಪ್ರಶ್ನೆ. ಏಜೆಂಟ ತೋರಿಸಿದ ಹಾಗೆ ಮಾತುಗಳನ್ನು ಕಿತ್ತು ಹಾಕುತ್ತಾ ಹೋದೆ. ಕೊನೆಗಿಂತ ಹಿಂದಿನ ದೃಶ್ಯದಲ್ಲಿ ಗಂಡ ದೊಡ್ಡ ಸನ್ಮಾನ ಮುಗಿಸಿ ಮನೆಗೆ ಬರುತ್ತಾನೆ. ಹೆಂಡತಿ ಕಾಲು ತೊಳೆಯಲು ನೀರು ತಂದಿಡುತ್ತಾಳೆ. ಅವನು ಏನೋ ಕೇಳುತ್ತಾನೆ. ಅವಳು ಅವನ ಮುಖವನ್ನೊಮ್ಮೆ ನೋಡಿ ಒಳಗೆ ಹೋಗುತ್ತಾಳೆ. ಕೊನೆಯ ದೃಶ್ಯದಲ್ಲಿ ಅವಳು ಬಾಯಿ ಬಿಡುತ್ತಾಳೆ. ಹನ್ನೊಂದು ಪುಟ. ಅವನ ಒಂದೊಂದು ಮಾತನ್ನೂ ಮುರಿಯುತ್ತಾಳೆ, ಕೊನೆಗೆ ಹೊಸ್ತಿಲಲ್ಲಿ ನಿಂತು ಆ ವಾಕ್ಯ ಹೇಳುತ್ತಾಳೆ. ಗಂಡ ಸೋಲುತ್ತಾನೆ.

ಬರೆದು ಮುಗಿಸಿದಾಗ ಇಂಥದ್ದು ನಮ್ಮ ಭಾಷೆಯಲ್ಲಿ ಬಂದಿಲ್ಲ ಅನ್ನಿಸಿತು. ಅತ್ತೆ ಇಷ್ಟು ವರ್ಷ ನುಂಗಿದ್ದನ್ನು ಲೋಕಕ್ಕೆ ಕೇಳಿಸುತ್ತಿದ್ದೇನೆ, ಅವರಿಗೆ ನ್ಯಾಯ ದೊರಕಿಸುತ್ತಿದ್ದೇನೆ ಎಂದೇ ನಂಬಿದ್ದೆ. ತರ್ಕಶಾಸ್ತ್ರ ಓದಿದವನಿಗೆ ಎದುರಿಗಿದ್ದದ್ದು ಕಾಣಲಿಲ್ಲ.

ಮರುದಿನ ಬೈಂದೂರಿನಲ್ಲಿ ಏಜೆಂಟ ಕೈ ಚಾಚಿದಾಗ ನಾನು ಕೊಟ್ಟದ್ದು ಆ ಹನ್ನೊಂದು ಪುಟ ಬಿಟ್ಟು ಉಳಿದದ್ದು. ಕಡೇ ಮಾತು ತೋರಿಸಬಾರದು. ಕದಿಯುವುದಾದರೆ ತಲೆಯಿಲ್ಲದ ಮುಂಡ ಕದಿಯಲಿ. ಕಂಪೆನಿಯವರು ಕರೆದರೆ ಮದ್ರಾಸಿನಲ್ಲಿ ಅವರೆದುರೇ ಆ ಪುಟಗಳನ್ನು ತೆಗೆಯುತ್ತೇನೆ ಎಂದು ಲೆಕ್ಕ ಹಾಕಿದ್ದೆ. ಕೊಟ್ಟ ಪ್ರತಿಯ ಕೊನೆಯಲ್ಲಿ 'ಮುಂದಿನ ದೃಶ್ಯ ಆಮೇಲೆ' ಎಂದು ಬರೆದಿದ್ದೆನೆಂದು ನನ್ನ ನೆನಪು. ಅದನ್ನು ಏಜೆಂಟ ಅಳಿಸಿದನೋ, ನಾನು ಬರೆಯಲೇ ಇಲ್ಲವೋ, ಇವತ್ತಿಗೂ ಗೊತ್ತಿಲ್ಲ.

ಒಂದು ತಿಂಗಳು ಸುದ್ದಿಯಿಲ್ಲ. ಕದ್ದ ಎಂದು ಖಾತ್ರಿಯಾಯಿತು. ಅಕ್ಕನಿಗೆ ದಿನವೂ ಹೇಳಿದೆ. ಅವಳು ಬೇಸತ್ತು, "ಕದ್ಕಂಡ್ ಹೋಪಷ್ಟ್ ಲಾಯ್ಕ್ ಇತ್ತ್ ಅಂದ್ ಆಯ್ತಲೆ, ಖುಷಿ ಪಡ್" ಎಂದಳು.

ಆಮೇಲೆ ಒಂದು ಮಧ್ಯಾಹ್ನ ಏಜೆಂಟ ಮಸಿ ಮೆತ್ತಿದ ಅಂಗಿಯಲ್ಲೇ ಶಾಲೆಯ ಅಂಗಳಕ್ಕೆ ಓಡಿ ಬಂದ.

"ಮಾಷ್ಟ್ರೆ! ಕಂಪೆನಿ ದೊಡ್ಡವ್ರ್ ಓದಿ ಎಂತ ಮಾಡ್ರ್ ಗೊತ್ತಿತ್ತಾ? ಕಡೇ ಪುಟ ಮಡ್ಚಿ ಇಟ್ಟ್ ಕಿಟ್ಕಿ ಹೊರ್ಗೆ ಕಂಡ್ರ್. ಹೊರ್ಗೆ ಎಂತ ಇಲ್ಲೆ! ಬರೀ ಗೋಡೆ!"

"ಕಡೇ ಪುಟ ಅಂದ್ರೆ?"

"ಅದೇ, ನೀರ್ ಇಟ್ಟ್ ಒಳಗ್ ಹೋಪ್ದ್. ಅಲ್ಲಿಗ್ ನಿಲ್ಸಿದ್ರಲೆ ನೀವ್, ಅಸಲಿ ಬುದ್ಧಿ ಮಾಷ್ಟ್ರೆ ನಿಮ್ದ್! ಬೇರೆ ಯಾರಾದ್ರೂ ಆಯಿದ್ರೆ ಅವಳ ಕೈಯಗೆ ಒಂದ್ ಭಾಷ್ಣ ಮಾಡ್ಸ್ತಿದ್ದಿರ್."

ನನ್ನ ಕೈ ಅಂಗಿಯ ಒಳಜೇಬಿಗೆ ಹೋಯಿತು. ಆ ತಿಂಗಳೆಲ್ಲ ಹನ್ನೊಂದು ಪುಟಗಳನ್ನು ಮಡಚಿ ಅಲ್ಲೇ ಇಟ್ಟುಕೊಂಡು ತಿರುಗುತ್ತಿದ್ದೆ. ಇನ್ನೂ ಒಂದು ದೃಶ್ಯ ಇದೆ ಎಂದು ಹೇಳಬಹುದಿತ್ತು. ಬಾಯಿ ತೆರೆದೆ ಕೂಡ. ಏಜೆಂಟ ಬ್ಯಾಗಿನಿಂದ ಕರಾರಿನ ಕಾಗದ ತೆಗೆದ. ಕಥೆ ಪೂರ್ತಿಯಾಗಿದೆ, ಅದರಲ್ಲಿರುವುದೆಲ್ಲ ನನ್ನದೇ, ಇನ್ನೊಬ್ಬರದು ಏನೂ ಇಲ್ಲ ಎಂದು ಅದರಲ್ಲಿತ್ತು. ನಾನು ಎರಡು ಸಲ ಓದಿದೆ.

"ಎಂತ ಕಾಂತ್ರಿ ಅಷ್ಟ್? ಮೋಸ ಇಲ್ಲೆ ಅದ್ರಗೆ" ಎಂದ.

ಮೋಸ ಇತ್ತು, ಅವನದಲ್ಲ. ಸಹಿ ಹಾಕಿದೆ.

ಮದ್ರಾಸಿಗೆ ಹೊರಡುವ ಮುಂಚೆ ಹೇಳಿ ಬರಲು ಬ್ರಹ್ಮಾವರಕ್ಕೆ ಹೋದೆ. ಮಾಬುಕಳದಲ್ಲಿ ಬಸ್ಸಿಳಿದು ಹೊಳೆ ದಾಟುವಾಗ ದೋಣಿಯವನೇ ಕೇಳಿದ: "ನಿಮ್ ಮಾವಯ್ಯನ್ ಮೇಲೆ ಪಿಚ್ಚರ್ ಮಾಡ್ತ್ರಂಬ್ರಲೆ?" ಮಾವಯ್ಯನಿಗೆ ಕಥೆ ಏನೆಂದು ಗೊತ್ತಿರಲಿಲ್ಲ. ಅರ್ಥಧಾರಿಯ ಕಥೆ ಎಂದಷ್ಟೇ ನಾನು ಬರೆದು ತಿಳಿಸಿದ್ದೆ. ಅವರು ಅದನ್ನು ತಮ್ಮ ವಿದ್ವತ್ತಿನ ಚಿತ್ರವೆಂದು ಊರಿಡೀ ಹೇಳಿಕೊಂಡು ಬಂದಿದ್ದರು.

ಊಟವಾಗಿ ಮಾವಯ್ಯ ಒರಗಿದ ಮೇಲೆ ಅತ್ತೆ ನನ್ನನ್ನು ಹಿತ್ತಿಲ ಬಾಗಿಲಿಗೆ ಕರೆದರು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ನಿಂತರು.

"ಮಾಣಿ, ನಾ ಹೇಳಿದ್ದ್... ಅದ್ ಹಾಕಿದ್ಯಾ?"

ಅವರ ಮುಖದಲ್ಲಿದ್ದದ್ದನ್ನು ನಾನು ಆಸೆ ಎಂದು ಓದಿದೆ. ಇಷ್ಟು ವರ್ಷದ ಮೇಲೆ ತನ್ನ ಮಾತು ತನ್ನದೆಂದು ಯಾರಾದರೂ ಹೇಳಲಿ ಎಂಬ ಆಸೆ. ಹಾಕಿಲ್ಲ ಎಂದು ಹೇಗೆ ಹೇಳುವುದು? ನನ್ನ ಗೆಲುವಿಗಾಗಿ ಬಿಟ್ಟೆ ಎಂದು?

"ಹಾಕಿದ್ದೆ ಅತ್ತೆ," ಎಂದೆ. "ಇದ್ದ ಹಾಂಗೇ ಹಾಕಿದ್ದೆ."

ಅತ್ತೆ ಸುತ್ತಿದ ಸೆರಗನ್ನು ಬಿಡಿಸಿದರು. ಒಳಗೆ ಹೋದರು. ನಾನು ಹೊರಡುವಾಗ ಕಾಲಿಗೆರಗಿದೆ. ತಲೆಯ ಮೇಲೆ ಕೈ ಇಟ್ಟರು, ಒಂದು ಮಾತೂ ಹೇಳಲಿಲ್ಲ. ದುಃಖ ಎಂದುಕೊಂಡೆ. ಚಿತ್ರದಲ್ಲಾದರೆ ಆ ಮುಖದ ಅರ್ಥ ನನಗೆ ತಿಳಿಯುತ್ತಿತ್ತು.

ಮದ್ರಾಸಿನಿಂದ ಕಾಗದ ಬರೆದೆ. ಮಾವಯ್ಯ ಉತ್ತರ ಬರೆಯುತ್ತಿದ್ದರು, ಅದರಲ್ಲಿ ಅತ್ತೆಯ ಆಶೀರ್ವಾದ ಇರುತ್ತಿರಲಿಲ್ಲ. ಮೊದಲು ಇರುತ್ತಿತ್ತು. ಎರಡು ಸಲ ಊರಿಗೆ ಬಂದಾಗ ಅತ್ತೆ ನನಗೆ ಬಡಿಸಿದರು, ಹಾಸಿಗೆ ಹಾಸಿಕೊಟ್ಟರು. ನನಗೆ ಹೇಳುವುದಿದ್ದರೆ ಕೆಲಸದವಳಿಗೆ ಹೇಳಿದರು. ಆಗ ನನಗೆ ಅರ್ಥವಾಯಿತು. ಅರ್ಥವಾದ ಮೇಲೂ ನಿಜ ಹೇಳಲು ಬಾಯಿ ಬರಲಿಲ್ಲ. ಚಿತ್ರ ಇನ್ನೂ ಹೊರಗೆ ಬಂದಿರಲಿಲ್ಲ. ಹಾಕಿಲ್ಲ ಎಂದರೆ ಅವರು ನಂಬಬೇಕಲ್ಲ?

ಯುದ್ಧ ಮುಗಿದ ಮೇಲೆ ಚಿತ್ರ ಕುಂದಾಪುರದ ಟೆಂಟಿಗೆ ಬಂತು. ಮಾವಯ್ಯ ಮೊದಲ ದಿನವೇ ಹೋಗಿ ಬಂದು, ಅರ್ಥಧಾರಿಯ ಪಾತ್ರಧಾರಿಗೆ ಉಚ್ಚಾರ ಸರಿಯಿಲ್ಲ ಎಂದು ತೀರ್ಪು ಕೊಟ್ಟರಂತೆ. ಬೇರೆ ಏನೂ ಅವರಿಗೆ ಕಂಡಿರಲಿಲ್ಲ. ಅತ್ತೆ ಬರುವುದಿಲ್ಲ ಎಂದೇ ಕೂತಿದ್ದರು. ಅಕ್ಕ ಹಟ ಹಿಡಿದು ಕರೆದೊಯ್ದಳು. ಚಿತ್ರದುದ್ದಕ್ಕೂ ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರಂತೆ. ನೀರು ಇಟ್ಟು ಹೆಂಗಸು ಒಳಗೆ ಹೋಗಿ, ದೀಪ ಹತ್ತಿ, ಜನ ಎದ್ದರೂ ಅವರು ಏಳಲಿಲ್ಲ. "ಮತ್ತೆ ಇಲ್ಯಾ?" ಎಂದು ಕೇಳಿದರು. "ಇಲ್ಲೆ ಅತ್ತೆ, ಮುಗೀತ್" ಎಂದಳು ಅಕ್ಕ. "ಸಮ ಕಾಣ್, ಮತ್ತೂ ಇರ್ಕ್." ಅಕ್ಕ ಟೆಂಟಿನವನನ್ನು ಕೇಳಿ ಬಂದು ಹೇಳಬೇಕಾಯಿತು.

ನಾನು ಮುಂದಿನ ಸಲ ಬಂದಾಗ ಅತ್ತೆ ಅಂಗಳದಲ್ಲೇ ಸಿಕ್ಕಿದರು. ಸೌತೆಕಾಯಿ ಹೆಚ್ಚುತ್ತಿದ್ದರು.

"ಕಾಲ್ ತೊಳ್ಕಂಡ್ ಬಾ ಮಾಣಿ," ಎಂದರು.

ನನ್ನೊಡನೆ. ನೇರವಾಗಿ. ನಾನು ಅವರ ಎದುರು ಮೆಟ್ಟಿಲಲ್ಲಿ ಕೂತುಬಿಟ್ಟೆ.

"ನೀ ಮುಟ್ಲಿಲ್ಲೆ," ಎಂದರು. "ನಾ ಸುಮ್ನೆ ನಿನ್ ಮೇಲೆ ಸಿಟ್ಟ್ ಮಾಡ್ಕಂಡೆ. ಆದ್ರೆ ಒಂದ್ ಹೇಳ್. ಹಾಕಿದ್ದೆ ಅಂದ್ ಎಂತಕೆ ಹೇಳ್ದೆ?"

ಇಲ್ಲಿ ಸುಮ್ಮನಿದ್ದರೆ ಸಾಕಿತ್ತು. ಕಂಪೆನಿಯವರು ನನ್ನ ಸಂಶಯವನ್ನು ಕಲೆ ಎಂದುಕೊಂಡಿದ್ದರು, ಅತ್ತೆ ಅದನ್ನು ಗೌರವ ಎಂದುಕೊಳ್ಳುತ್ತಿದ್ದರು. ನಾನು ಹೇಳಿದೆ. ಬರೆದದ್ದು, ಹನ್ನೊಂದು ಪುಟ, ಏಜೆಂಟ ಕದಿಯುತ್ತಾನೆಂದು ಇಟ್ಟುಕೊಂಡದ್ದು, ಕರಾರಿಗೆ ಸಹಿ ಹಾಕಿದ್ದು. ನಿಮಗೆ ಖುಷಿಯಾಗಲಿ ಎಂದು ಆ ದಿನ ಸುಳ್ಳು ಹೇಳಿದೆ ಎಂದೆ.

ಅತ್ತೆ ಕತ್ತಿ ನಿಲ್ಲಿಸಿದರು. "ನಂಗೆ ಎಂತ ಆದ್ರೆ ಖುಷಿ ಅಂದೇ ಗೊತ್ತಿಲ್ಲೆ ನಿಂಗೆ. ಆದ್ರೂ ಪಿಚ್ಚರ್ ಬರೀತೆ!" ಎಂದರು. ನಕ್ಕರೋ ಎಂದು ನೋಡಿದೆ. ಖಾತ್ರಿಯಾಗಲಿಲ್ಲ.

"ಆ ಕಾಗ್ದ ಎಲ್ಲಿತ್ತ್?"

ಬ್ಯಾಗಿನಲ್ಲಿತ್ತು. ತಂದು ಕೊಟ್ಟೆ. ಅವರು ಓದಲಿಲ್ಲ. ಮಡಿಕೆಯ ಮೇಲೆ ಬೆರಳಾಡಿಸಿದರು.

"ಇನ್ನೊಂದ್ ಪ್ರತಿ ಇತ್ತಾ?"

ಇತ್ತು. ಕಳೆದುಹೋದರೆ ಎಂದು ಆ ವಾಕ್ಯವಿದ್ದ ಪುಟವನ್ನು ಮಾತ್ರ ಬೇರೆ ನಕಲು ಮಾಡಿಟ್ಟಿದ್ದೆ. ಅದನ್ನೂ ತೆಗೆದು ಕೊಟ್ಟೆ.

"ಮತ್ತೆ?"

"ಇಲ್ಲೆ ಅತ್ತೆ. ದೇವ್ರಾಣೆ."

ಅವರು ನನ್ನ ಹಣೆಯನ್ನೇ ನೋಡುತ್ತಾ ಕೂತರು. ಅವರು ನೋಡುತ್ತಿದ್ದದ್ದು ತಲೆಯೊಳಗೆ ಉಳಿದ ಪ್ರತಿಯನ್ನು ಎಂದು ನನಗೆ ಗೊತ್ತಾಯಿತು. "ಅದ್ನ ನಾ ಎಂತ ಮಾಡ್ಲಿ ಅತ್ತೆ?" ಎಂದೆ.

"ಮರ್ತ್ ಬಿಡ್."

ಮರೆಯಲು ಪ್ರಯತ್ನಪಟ್ಟದ್ದು ನಿಜ. ಚಿತ್ರಕಥೆ ಬರೆದು ಗೆಲ್ಲಲು ಏನು ಬೇಕು ಎಂದು ಕೇಳಿಕೊಂಡು ಬರುವವರಿಗೆ ನಾನು ಕಿವಿ ಬೇಕು ಎನ್ನುತ್ತೇನೆ, ತಾಳ್ಮೆ ಬೇಕು ಎನ್ನುತ್ತೇನೆ. ಕೇಳಿದ್ದನ್ನು ಮುಟ್ಟದೆ ಇರಲು ಏನು ಬೇಕು ಎಂದು ಯಾರೂ ಕೇಳುವುದಿಲ್ಲ. ಮುಂದಿನ ವರ್ಷಗಳಲ್ಲಿ ಎರಡು ಚಿತ್ರಗಳಲ್ಲಿ ಮಗುವನ್ನು ಕಳೆದುಕೊಂಡ ತಾಯಿ ಬಂದಳು. ಎರಡು ಸಲವೂ ಆ ವಾಕ್ಯ ಲೇಖನಿಯ ತುದಿಗೆ ಬಂದು ನಿಂತಿತು. ಎರಡು ಸಲವೂ ಲೇಖನಿ ಕೆಳಗಿಟ್ಟು ಎದ್ದು ಹೊರಗೆ ತಿರುಗಾಡಲು ಹೋದೆ. ಬಂದು, 'ತಾಯಿ ಏನೂ ಹೇಳುವುದಿಲ್ಲ' ಎಂದು ಬರೆದೆ.

ಮೂರನೆಯ ಸಲ ಹಾಗಾಗಲಿಲ್ಲ. ಸ್ವಾತಂತ್ರ್ಯ ಬಂದ ಮೇಲಿನ ಚಿತ್ರ. ತಾಯಿಯ ಮಾತು ಸಲೀಸಾಗಿ ಬಂತು, ನಾನು ಏಳಲೂ ಇಲ್ಲ. ಎರಡು ಸಾಲು. ಆ ಎರಡು ಸಾಲಿಗೆ ಜನ ಅಳುತ್ತಾರೆ ಎಂದು ಟೆಂಟಿನವರು ಹೇಳಿದರು. ಅದು ಅತ್ತೆಯ ವಾಕ್ಯವಲ್ಲ. ಅವರದು ಒಂದೇ ವಾಕ್ಯ, ಇದು ಎರಡು. ಶಬ್ದಗಳೂ ಬೇರೆ. ಹಾಗೆಂದು ನನಗೆ ನೆನಪು. ಆದರೆ ಪುಟಗಳೆಲ್ಲ ಅತ್ತೆಯ ಹತ್ತಿರ ಹೋಗಿದ್ದವು, ಹೋಲಿಸಿ ನೋಡಲು ನನ್ನಲ್ಲಿ ಏನೂ ಉಳಿದಿರಲಿಲ್ಲ. ಚಿತ್ರ ಕುಂದಾಪುರಕ್ಕೆ ಬರುವ ಮೊದಲೇ ಅತ್ತೆ ತೀರಿಕೊಂಡಿದ್ದರು. ಮಾವಯ್ಯ ನೋಡಿ ಬಂದರು. ಎಂದಿನಂತೆ ಉಚ್ಚಾರದ ತಪ್ಪು ಹೇಳುತ್ತಾರೆಂದು ಕಾದೆ. ಅವರು ಜಗಲಿಯ ಕಂಬಕ್ಕೆ ಒರಗಿ ಕೂತು, ನನ್ನನ್ನು ನೋಡದೆ ಕೇಳಿದರು:

"ಆ ತಾಯಿ ಹೇಳೂದ್, ನಾ ಎಲ್ಲೋ ಕೇಂಡಿದ್ದೆ ಮಾಣಿ. ಎಲ್ಲಿ?"